ಬ್ಯಾಡಗಿ ಮೆಣಸಿನ ಮೆಕ್ಸಿಕನ್ ಸೂಪು

ಮೊನ್ನೆ ಬಾಣಲೆಯಲ್ಲಿ ಬ್ಯಾಡಗಿ ಮೆಣಸು ಹುರಿಯುತ್ತಿದ್ದಾಗ ಎದ್ದ ಘಮಕ್ಕೆ ನನ್ನ ಕೈ ನಿಂತೇಬಿಟ್ಟಿತು. ಕುಂದಾಪುರದ ತವರುಮನೆ ನೆನಪಾಗಬೇಕಿತ್ತು. ನೆನಪಾದವರು ಲಂಡನ್ನಿನ ರೇನರ್ಸ್ ಲೇನ್‌ನ ನಮ್ಮ ಈ ಫ್ಲ್ಯಾಟಿನ ಮೇಲಿನ ಮನೆಯಲ್ಲಿದ್ದ ಮೆಕ್ಸಿಕೋದ ಅಮ್ಮ…

ಆಗ ತೊಂಬತ್ತರ ದಶಕದ ಕೊನೆ. ನನ್ನ ಗಂಡ ರೆಸ್ಟೋರೆಂಟಿನ ಅಡುಗೆ ಕೆಲಸಕ್ಕೆ ಹೋದರೆ ದಿನವಿಡೀ ನಾನೊಬ್ಬಳೇ. ಮೇಲಿನ ಅಮ್ಮನೂ ಒಂಟಿ. ಇಂಗ್ಲಿಷ್ ಗಂಡ ತೀರಿಕೊಂಡ ಮೇಲೆ ಸುತ್ತಮುತ್ತಲಿನವರ ಬಟ್ಟೆ ಹೊಲಿದುಕೊಡುತ್ತಾ ಇದ್ದರು. ಲಂಡನ್ನಿನ ಇನ್ನೊಂದು ತುದಿಯ ಸ್ಟ್ರಾಟ್‌ಫರ್ಡ್‌ನಲ್ಲಿ ಒಬ್ಬ ಮಗನಿದ್ದ. ಅವನು ಮೆಚ್ಚಿದ ಹುಡುಗಿ ಇವರಿಗೆ ಒಪ್ಪಿಗೆಯಾಗದೆ ಮದುವೆಗೇ ಹೋಗಿರಲಿಲ್ಲ. ಅಂದಿನಿಂದ ತಾಯಿ ಮಗನಿಗೆ ಮಾತಿಲ್ಲ. ಆ ಚಳಿಗಾಲದಲ್ಲಿ ಅವನೇ ಫೋನ್ ಮಾಡಿ, ಹೆಂಡತಿ ಮಗಳನ್ನು ಕರೆದುಕೊಂಡು ಭಾನುವಾರ ಊಟಕ್ಕೆ ಬರುತ್ತೇನೆ ಎಂದ. ಮರುದಿನವೇ ಅಮ್ಮ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಬಲಗೈ ಮುರಿದುಕೊಂಡರು.

ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲು ಬಡಿದು, ತಮ್ಮ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದರು: "ಮಗನಿಗೆ ನಮ್ಮೂರಿನ ಕೋಳಿ ಸೂಪು ಮಾಡಬೇಕು. ಬಾಯಿ ನನ್ನದು, ಕೈ ನಿನ್ನದು. ಬಾ."

ಮೇಲೆ ಹೋಗಿ ನೋಡಿದರೆ ಅವರ ಊರಿನ ಒಣಮೆಣಸಿನ ಡಬ್ಬಿ ಖಾಲಿ! ಅದು ಈಗಿನ ಹಾಗೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅಮ್ಮ ಕುರ್ಚಿಯಲ್ಲಿ ಕುಸಿದು ಕುಳಿತರು. ನಾನು ಕೆಳಗೆ ಓಡಿ, ತವರಿನಿಂದ ಬಂದಿದ್ದ ಬ್ಯಾಡಗಿ ಮೆಣಸಿನ ಚೀಲ ತಂದೆ. ಅವರು ಒಂದನ್ನು ಮುರಿದು ಮೂಸಿದರು, ಚೂರು ನಾಲಿಗೆಗೆ ಹಚ್ಚಿಕೊಂಡರು.

"ಹತ್ತಿರ ಇದೆ… ಬಹಳ ಹತ್ತಿರ ಇದೆ," ಎಂದರು.

ಮೂಳೆಸಮೇತ ಕೋಳಿ, ಈರುಳ್ಳಿ, ಬೆಳ್ಳುಳ್ಳಿ ದೊಡ್ಡ ಪಾತ್ರೆಯಲ್ಲಿ ಕುದಿಯತೊಡಗಿತು. ನೆನೆಸಿಟ್ಟ ಕಾಬೂಲಿ ಕಡಲೆ ಬಿತ್ತು, ಆಮೇಲೆ ಕ್ಯಾರೆಟ್, ಆಲೂಗಡ್ಡೆ, ಬಿಲ್ಲೆಬಿಲ್ಲೆಯಾಗಿ ಕತ್ತರಿಸಿದ ಜೋಳದ ತೆನೆ. ಅಭ್ಯಾಸಬಲದಿಂದ ಶುಂಠಿಗೆ ಕೈ ಹಾಕಿದೆ. ಅಮ್ಮ "ನೋ!" ಎಂದು ಎಡಗೈಯ ಸೌಟಿನಿಂದ ಮೆಲ್ಲಗೆ ಹೊಡೆದೇಬಿಟ್ಟರು. ಹುರಿದು ನೆನೆಸಿದ ಮೆಣಸನ್ನು ಟೊಮೆಟೊ ಜೊತೆ ರುಬ್ಬಿ, ಎಣ್ಣೆಯಲ್ಲಿ ಬಾಡಿಸಿ ಸುರಿದಾಗ ಸಾರೆಲ್ಲ ಕೆಂಪಗೆ ತಿರುಗಿತು.

ಮಧ್ಯಾಹ್ನ ಅವರು ಬಂದರು. ಸೊಸೆ ತಲೆ ಎತ್ತಲಿಲ್ಲ. ಪುಟ್ಟ ಹುಡುಗಿ ಅವಳ ತೊಡೆಗೆ ಅಂಟಿಕೊಂಡಿತ್ತು. ನಾನು ಬಟ್ಟಲುಗಳಿಗೆ ಸೂಪು ಬಡಿಸಿ, ನಿಂಬೆ ಹಿಂಡಿ, ಕೊತ್ತಂಬರಿ ಉದುರಿಸಿದೆ. ಮಗ ಒಂದು ಚಮಚ ಬಾಯಿಗಿಟ್ಟು, ಚಮಚ ಕೆಳಗಿಟ್ಟ.

"ಮಮ್, ಇದು ನಿಮ್ಮ ಸೂಪಲ್ಲ," ಎಂದ. ಆಮೇಲೆ ಬಟ್ಟಲನ್ನೇ ಎತ್ತಿ ಕೊನೆಯ ಹನಿಯವರೆಗೂ ಕುಡಿದ. "ಆದರೆ ಇನ್ನೊಂದು ಬಟ್ಟಲು ಕೊಡಿ."

ಸೊಸೆ ಆಗ ಮೊದಲ ಸಲ ಮಾತಾಡಿದಳು. "ನನಗೂ ಕಲಿಸ್ತೀರಾ?"

ಅಮ್ಮ ಎಡಗೈಯಿಂದಲೇ ಅವಳ ಬಟ್ಟಲಿಗೆ ಇನ್ನೊಂದು ಸೌಟು ಸುರಿದರು. "ಮುಂದಿನ ಭಾನುವಾರವೇ ಬಾ. ನನ್ನ ಕೈ ವಾಸಿಯಾಗಲಿ ಅಂತ ಕಾಯಬೇಡ."

ಅವರನ್ನು ಕಳಿಸಿ ಬಾಗಿಲು ಹಾಕಿದ್ದೇ ತಡ, ಅಮ್ಮ ಪ್ಲಾಸ್ಟರ್ ಹಾಕಿದ ಕೈಯನ್ನು ಗೆದ್ದ ಬಾಕ್ಸರಿನಂತೆ ಮೇಲೆತ್ತಿ ಕುಣಿದರು. ನಾನೂ ಕುಣಿದೆ. ಪಾತ್ರೆಯ ತಳ ಕೆರೆದು ಇಬ್ಬರೂ ತಿಂದೆವು. ಕೆಲಸ ಮುಗಿಸಿ ಬರುವ ನನ್ನ ಗಂಡನಿಗೆಂದು ಮೊದಲೇ ಒಂದು ಬಟ್ಟಲು ತೆಗೆದಿಟ್ಟಿದ್ದೆ.

"ಎಂತ ಮಾರಾಯ್ತಿ, ಶುಂಠಿ ಇಲ್ದೆ ಕೋಳಿ ಇಷ್ಟ್ ರುಚಿ ಆತ್ತಾ!" ಎಂದರು.

ಕೆಲವು ವರ್ಷಗಳ ನಂತರ ಅಮ್ಮನನ್ನು ಸ್ಟ್ರಾಟ್‌ಫರ್ಡ್‌ಗೆ ಕರೆದೊಯ್ದದ್ದು ಆ ಸೊಸೆಯೇ. ಅಮ್ಮ ಕಣ್ಮುಚ್ಚಿದ್ದೂ ಅವಳ ಮನೆಯಲ್ಲೇ.

ಮೇಲಿನ ಮನೆಯಲ್ಲಿ ಈಗ ಬೆಂಗಳೂರಿನ ದಂಪತಿ ಇದ್ದಾರೆ, ಒಳ್ಳೆಯವರು. "ಬನ್ನಿ ಆಂಟಿ, ಕಾಫಿಗೆ" ಎಂದು ಕಂಡಾಗಲೆಲ್ಲ ಕರೆಯುತ್ತಾರೆ. ಹೋಗಬೇಕು ಅಂದುಕೊಳ್ಳುತ್ತೇನೆ… ಆ ಮೆಟ್ಟಿಲು ಹತ್ತಲು ಮಾತ್ರ ಇನ್ನೂ ಮನಸ್ಸು ಬಂದಿಲ್ಲ.