ಮೂರನೇ ಪುಟದ ತೂತು

ಬಟ್ಟೆ ಹೊಲಿಯುವ ಆ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಪತ್ತೇದಾರಿ ಅಕ್ಕ. ಹೆಸರೇನೂ ಸುಮ್ಮನೆ ಬಂದದ್ದಲ್ಲ. ಹಾಲಿನವನನ್ನೂ ಹಾಲನ್ನೂ ಒಂದೇ ಕಣ್ಣಿನಿಂದ, ಅಂದರೆ ಅನುಮಾನದ ಕಣ್ಣಿನಿಂದ ನೋಡುವವಳು. ಗಿರಾಕಿ ತಂದ ಗುಂಡಿಗಳನ್ನು ಗಿರಾಕಿಯ ಎದುರೇ ಎಣಿಸಿ ಇಟ್ಟುಕೊಳ್ಳುವವಳು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವಳು ಕಣ್ಣು ಮುಚ್ಚಿ ನಂಬಿದ ಪ್ರಾಣಿ ಒಂದೇ, ಅವಳ ಗಂಡ.

ಗಂಡನಿಗೆ ಮಂತ್ರಿಗಳ ಕಚೇರಿಯಲ್ಲಿ ಕೆಲಸ. ದಿನಾ ಬೆಳಿಗ್ಗೆ ಹತ್ತು ಪತ್ರಿಕೆ ಓದಿ, ಮಂತ್ರಿಗಳ ಹೆಸರು ಬಂದಲ್ಲೆಲ್ಲ ಕತ್ತರಿ ಆಡಿಸಿ, ಕತ್ತರಿಸಿದ್ದನ್ನು ಫೈಲಿಗೆ ಅಂಟಿಸಿ ಒಳಗೆ ಕಳಿಸಬೇಕು. ತೂತು ಬಿದ್ದ ಪತ್ರಿಕೆಗಳು ಸಂಜೆ ಮನೆಗೆ ಬರುತ್ತಿದ್ದವು. ಅವಳು ಅವುಗಳ ಮೇಲೆ ಅಳತೆ ಗೀಚಿ, ಕಾಗದಕ್ಕೆಂದೇ ಇಟ್ಟ ಹಳೆಯ ಕತ್ತರಿಯಿಂದ ತೋಳಿನ ಆಕಾರ, ಕತ್ತಿನ ಆಕಾರ ಕತ್ತರಿಸಿ, ಬಟ್ಟೆಯ ಮೇಲಿಟ್ಟು ಗುರುತು ಹಾಕಿಕೊಳ್ಳುತ್ತಿದ್ದಳು. ಮನೆಗೆ ಬೇರೆ ಪತ್ರಿಕೆ ತರಿಸುವ ಮಾತೇ ಇರಲಿಲ್ಲ. ಹಾಗಾಗಿ ಊರೆಲ್ಲ ಓದಿದ್ದು ಅವಳಿಗೆ ಮಾತ್ರ ತೂತಾಗಿ ಕಾಣುತ್ತಿತ್ತು.

ಈಚೆಗಂತೂ ಒಂದು ತೋಳಿಗಾಗುವಷ್ಟು ಕಾಗದವೂ ಉಳಿಯುತ್ತಿರಲಿಲ್ಲ. ಮಂತ್ರಿಗಳ ಬಂಗಲೆಗೆ ನಾಟಕದ ನಟಿಯೊಬ್ಬಳು ಹಿಂಬಾಗಿಲಿನಿಂದ ಬಂದು ಹೋಗುತ್ತಿದ್ದಾಳೆಂಬ ಗುಲ್ಲು ಎದ್ದಿತ್ತು. ಗಂಡ ಊಟಕ್ಕೆ ಕೂತಾಗ ಹಳೆಯ ರಾಜರ ಪ್ರಣಯ ಪ್ರಸಂಗಗಳನ್ನು ತೆಗೆಯುತ್ತಿದ್ದ. "ಯಾವ ಕಥೆ ಬೇಕಾದ್ರೂ ತಗೋ. ರಾಜ ಇರ್ತಾನೆ, ನರ್ತಕಿ ಇರ್ತಾಳೆ, ಕೊನೆಗೆ ತಲೆ ಹೋಗೋದು ಮಾತ್ರ ಓಲೆ ಒಯ್ದ ಬಡಪಾಯೀದು," ಎಂದು ನಗುತ್ತಿದ್ದ. ಅವಳೂ ನಗುತ್ತಿದ್ದಳು.

ಒಂದು ಮಧ್ಯಾಹ್ನ ರೇಷ್ಮೆ ಬಟ್ಟೆಗೆ ಕತ್ತರಿ ಇಟ್ಟರೆ ಅದು ಕತ್ತರಿಸುವ ಬದಲು ಜಗಿಯಿತು. ಬಟ್ಟೆಯ ಕತ್ತರಿಯನ್ನು ಕಾಗದಕ್ಕೆ ಹಾಕಿದರೆ ಅದು ಮೊಂಡಾಗುತ್ತದೆ, ಹೊಲಿಯುವವರು ಯಾರೂ ಅದನ್ನು ಹಾಗೆ ಮುಟ್ಟರು. ಮನೆಯಲ್ಲಿ ಇರುವುದು ಇಬ್ಬರೇ. ಕಚೇರಿಯಲ್ಲಿ ಕತ್ತರಿಸಿಯೇ ತರುವ ಗಂಡಸಿಗೆ ಮನೆಯಲ್ಲಿ ಕತ್ತರಿಸುವಂಥದ್ದೇನಿತ್ತು?

ಪತ್ರಿಕೆಗಳ ರಾಶಿ ಕೆದಕಿದಳು. ಕಚೇರಿಯ ತೂತುಗಳು ಗೆರೆ ಎಳೆದಂತೆ ನೇರ. ನಿನ್ನೆಯ ಒಂದು ಪತ್ರಿಕೆಯ ಮೂರನೇ ಪುಟದಲ್ಲಿ ಮಾತ್ರ, ಕಚೇರಿಯ ಕತ್ತರಿಗೆ ತಪ್ಪಿದ್ದನ್ನು ಮನೆಯಲ್ಲಿ ಆತುರದಿಂದ ಕತ್ತರಿಸಿದಂತೆ, ಒಂದು ಸೊಟ್ಟ ತೂತಿತ್ತು.

ಪಕ್ಕದ ಮನೆಯ ಮೇಷ್ಟ್ರ ಹತ್ತಿರ ನಿನ್ನೆಯ ಅದೇ ಪತ್ರಿಕೆ ಕೇಳಿದಳು. ಅವರು ಮುಖ ನೋಡದೆ ಕೊಟ್ಟರು. "ನೀನು ಓದಿರ್ತೀಯ ಅಂದ್ಕೊಂಡಿದ್ದೆನಮ್ಮ," ಎಂದರು.

ಮೇಜಿನ ಮೇಲೆ ಅದನ್ನು ಹಾಸಿ, ಮೇಲೆ ತನ್ನದನ್ನಿಟ್ಟಳು. ತೂತಿನಲ್ಲಿ ಕಂಡದ್ದು ಇಷ್ಟು: ನಟಿ ಬರುತ್ತಿದ್ದುದು ಮಂತ್ರಿಗಳಿಗಾಗಿ ಅಲ್ಲ, ಪತ್ರಿಕೆ ಕತ್ತರಿಸುವ ನೌಕರನಿಗಾಗಿ. ಮೂರು ವರ್ಷದಿಂದ ತಮ್ಮಿಬ್ಬರ ನಡುವೆ ಪ್ರೀತಿಯಿದೆ ಎಂದು ನೌಕರನೇ ಸಹಿ ಹಾಕಿ ಹೇಳಿಕೆ ಕೊಟ್ಟಿದ್ದಾನೆ.

ಸಂಜೆ ಗಂಡ ಬಂದಾಗ ಎರಡೂ ಪತ್ರಿಕೆ ಹಾಗೇ ಇದ್ದವು. ನೋಡಿದವನೇ ಕುರ್ಚಿ ಎಳೆದುಕೊಂಡು ಕೂತ.

"ಸುಳ್ಳು ಕಣೆ! ಮಂತ್ರಿ ಸಾಹೇಬ್ರು ಕರೆಸಿ ಬರೆಸ್ಕೊಂಡ್ರು. ಬರೀದಿದ್ರೆ ಕೆಲಸ ಹೋಗುತ್ತೆ ಅಂದ್ರು."

"ಮೂರು ವರ್ಷ ಅಂತ ಲೆಕ್ಕ ಹಾಕಿದ್ದು ಯಾರು?"

"ಅವರು ಹೇಳಿದ್ರು, ನಾನು ಬರ್ದೆ."

"ಅವಳನ್ನ ನೋಡಿದೀರಾ?"

"ದೂರದಿಂದ."

"ಎಷ್ಟು ದೂರದಿಂದ?"

ಅವನು ಬೆರಳಿನ ಅಂಟು ಕೆರೆಯತೊಡಗಿದ. ಹೊಟ್ಟೆ ಬಂದ, ಬೆರಳಿಗೆಲ್ಲ ಅಂಟು ಮೆತ್ತಿಕೊಂಡ ಈ ಮನುಷ್ಯನಿಗಾಗಿ ನಟಿಯೊಬ್ಬಳು ಹಿಂಬಾಗಿಲು ಹುಡುಕಿಕೊಂಡು ಬರುತ್ತಾಳೆಯೇ? ಅವಳಿಗೆ ನಗು ಬಂತು. ಅಷ್ಟರಲ್ಲೇ ಶನಿವಾರಗಳು ನೆನಪಾದವು. ಶನಿವಾರ ಕೆಲಸ ಜಾಸ್ತಿ ಎಂದು ಅವನು ತಡವಾಗಿ ಬರತೊಡಗಿ ಎಷ್ಟು ವರ್ಷವಾಯಿತು? ಮೂರೇ ಇರಬೇಕು. ನಗು ಅಲ್ಲೇ ನಿಂತಿತು.

ಅಳತೆಯ ಪುಸ್ತಕದಿಂದ ಒಂದು ಖಾಲಿ ಹಾಳೆ ಹರಿದು ಪೆನ್ನಿನ ಜೊತೆ ಮುಂದಿಟ್ಟಳು. "ಆ ಹೇಳಿಕೆ ಸುಳ್ಳು, ಅವಳಿಗೂ ನನಗೂ ಸಂಬಂಧ ಇಲ್ಲ ಅಂತ ಬರೆದು ಸಹಿ ಹಾಕಿ. ಯಾರಿಗೂ ತೋರಿಸಲ್ಲ. ನನಗೋಸ್ಕರ."

ಅವನು 'ನಾನು' ಎಂದು ಬರೆದ. ಪೆನ್ನು ನಿಂತಿತು.

"ಯಾರ ಕೈಗಾದ್ರೂ ಸಿಕ್ಕಿಬಿಟ್ರೆ? ಕೆಲಸಾನೂ ಹೋಗುತ್ತೆ, ಜೈಲೂ ಆಗುತ್ತೆ."

"ಸಾಹೇಬ್ರಿಗೆ ಬರೆದುಕೊಡುವಾಗ ಈ ಭಯ ಎಲ್ಲಿ ಹೋಗಿತ್ತು?"

"ಬಾಯಲ್ಲಿ ಹೇಳ್ತಿದೀನಲ್ಲ, ಅಷ್ಟು ಸಾಲದಾ ನಿನಗೆ?"

ಸಾಲದು. ಬಾಯಿಮಾತು ಸಾಕಾಗುವ ಕಾಲವೊಂದಿತ್ತು, ನಿನ್ನೆಯವರೆಗೆ. ಅವನು ಪೆನ್ನಿನ ಮುಚ್ಚಳ ಹಾಕಿದ.

ಮರುದಿನ ಬೆಳಿಗ್ಗೆ ಗಿರಾಕಿಯೊಬ್ಬಳು ರವಿಕೆ ಬಟ್ಟೆ ಹಿಡಿದು ಬಂದು, ಕುತೂಹಲ ತಡೆಯಲಾರದೆ ದನಿ ತಗ್ಗಿಸಿದಳು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಪೇಪರಲ್ಲಿ ಬಂದಿರೋದು ನಿಜಾನಾ?"

ಒಳಗೆ ಗಂಡ ಶೂ ಹಾಕಿಕೊಳ್ಳುತ್ತಿದ್ದ. ಅವನ ಕೈ ಲೇಸಿನ ಮೇಲೆ ನಿಂತದ್ದು ಅವಳಿಗೆ ಕಾಣುತ್ತಿತ್ತು. ಅವಳು ಬಟ್ಟೆ ಬಿಡಿಸಿ ಬೆಳಕಿಗೆ ಹಿಡಿದಳು.

"ಸಹಿ ಹಾಕಿದಾರಲ್ಲಮ್ಮ," ಎಂದಳು, "ನಿಜಾನೇ ಇರ್ಬೇಕು."