ಮೂರು ಸಲ ಕೇಳಬೇಕು

ನಾಟಕದವರು ಅವನನ್ನು ಮೊಳೆ ಮಾಮ ಎನ್ನುತ್ತಿದ್ದರು. ರಂಗಮಂದಿರದ ಹಿಂದಿನ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಸೆಟ್ಟು ಕಟ್ಟುತ್ತಿದ್ದ ಬಡಗಿ. ತುಟಿಗಳ ನಡುವೆ ಯಾವಾಗಲೂ ನಾಲ್ಕು ಮೊಳೆ. ಕೆಲಸಕ್ಕೆ ಅನುಕೂಲ ಅಂತ ಜನ ತಿಳಿದಿದ್ದರು. ನಿಜ ಹೇಳಬೇಕೆಂದರೆ, ಬಾಯಲ್ಲಿ ಮೊಳೆ ಇಟ್ಟುಕೊಂಡವನನ್ನು ಯಾರೂ ಏನೂ ಕೇಳುವುದಿಲ್ಲ. ಕೇಳಿದರೂ ಉತ್ತರ ಕೊಡಬೇಕಾಗಿಲ್ಲ.

ಒಂಟಿ ಮನುಷ್ಯ. ಶೆಡ್ಡಿನ ಮೇಲಿನ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ. ಇನ್ನೊಂದು ಕುರ್ಚಿ ಮಾಡ್ಕೋಬಾರ್ದಾ ಎಂದರೆ ಮರ ಸಿಗಲಿಲ್ಲ ಎನ್ನುತ್ತಿದ್ದ, ಮೊಣಕಾಲೆತ್ತರಕ್ಕೆ ಬಿದ್ದ ಮರದ ತುಂಡುಗಳ ನಡುವೆ ನಿಂತುಕೊಂಡು. ಭಾನುವಾರ ಚರ್ಚಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಅಲ್ಲಿ ವರ್ಷಕ್ಕೊಮ್ಮೆ ಒಂದು ಪಾಠ ಓದುತ್ತಾರೆ. ಯೇಸುವನ್ನು ಹಿಡಿದುಕೊಂಡು ಹೋದ ಮೇಲೆ ಅವನ ಶಿಷ್ಯನೊಬ್ಬ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿರುತ್ತಾನೆ. ನೀನೂ ಅವನ ಜೊತೆಗಿದ್ದವನಲ್ಲವೇ ಎಂದು ಮೂರು ಸಲ ಕೇಳುತ್ತಾರೆ. ಮೂರು ಸಲವೂ ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಎನ್ನುತ್ತಾನೆ. ಆ ಪಾಠ ಶುರುವಾಗುತ್ತಿದ್ದಂತೆ ಮೊಳೆ ಮಾಮ ಎದ್ದು ಹೊರಗೆ ಹೋಗಿ ಸಿಗರೇಟು ಹಚ್ಚುತ್ತಿದ್ದ.

ಈ ಸಲ ಬಂದದ್ದು ಗಿರಣಿ ಮುಷ್ಕರದ ಹೊಸ ನಾಟಕ. ಅದರಲ್ಲಿ ದೇವರ ಸುದ್ದಿಯೇ ಇಲ್ಲ. ಮಾಮನಿಗೆ ಹೇಳಿದ್ದು ಒಂದು ತಗಡಿನ ಡ್ರಮ್ಮಿಗೆ ತೂತು ಕೊರೆದು, ಒಳಗೆ ಕೆಂಪು ಎಲ್‌ಇಡಿ ದೀಪ ಇಟ್ಟು ಬೆಂಕಿ ಮಾಡಿಕೊಡು ಎಂದು. ರಂಗದ ಮೂಲೆಯಲ್ಲೇ ಕೂತು ಕೊರೆಯುತ್ತಿದ್ದ. ಪಕ್ಕದಲ್ಲಿ ತಾಲೀಮು. ಮುಷ್ಕರದ ಮುಖಂಡನನ್ನು ಪೊಲೀಸರು ಎಳೆದೊಯ್ದಿದ್ದಾರೆ. ಅವನ ಗೆಳೆಯ ಗೇಟಿನ ಮುಂದೆ ಬೆಂಕಿ ಕಾಯಿಸುತ್ತಿದ್ದಾನೆ. ಕಾವಲುಗಾರ ಕೇಳುತ್ತಾನೆ: "ನೀನೂ ಅವನ ಜೊತೆ ಇದ್ದೋನಲ್ವಾ?"

ಡ್ರಿಲ್ಲು ನಿಂತಿತು.

ನಾಟಕ ಬರೆದವನು ಚಾಲಾಕಿ. ಶಿಲುಬೆಯನ್ನು ಈಗ ಕಿವಿಗೆ ನೇತುಹಾಕಿಕೊಳ್ಳುತ್ತಾರೆ, ಅಂಗಿಯ ಮೇಲೆ ಅಚ್ಚು ಹಾಕಿಸುತ್ತಾರೆ, ಸಿನಿಮಾದಲ್ಲಿ ದೆವ್ವ ಓಡಿಸಲು ಇಟ್ಟುಕೊಂಡಿದ್ದಾರೆ. ಅದರಿಂದ ಯಾರಿಗೂ ಒಂದು ತರಚು ಗಾಯವೂ ಆಗುವುದಿಲ್ಲ. ಇವನು ಕಥೆಯ ನಿಲುವಂಗಿ ಬಿಚ್ಚಿ ಗಿರಣಿಯ ಖಾಕಿ ತೊಡಿಸಿದ್ದ. ಅದು ನೆಟ್ಟಗೆ ಬಂದು ಮೊಳೆ ಮಾಮನ ಎದೆಗೆ ಒದ್ದಿತು.

ನಿರ್ದೇಶಕಿ ಚಪ್ಪಾಳೆ ತಟ್ಟಿ ನಿಲ್ಲಿಸಿದಳು. "ಅದನ್ನೇ ಮೂರು ಸಲ ಯಾಕೆ ಕೇಳ್ಬೇಕು? ಜನ ಆಕಳಿಸ್ತಾರೆ. ಒಂದು ಸಲ ಸಾಕು, ಉಳಿದಿದ್ದು ಹೊಡೆದು ಹಾಕಿ."

ಮಾಮ ಮೊಳೆಗಳನ್ನು ಅಂಗೈಗೆ ಉಗುಳಿದ. "ಮೂರು ಸಲ ಕೇಳ್ಬೇಕು."

ಎಲ್ಲರೂ ತಿರುಗಿ ನೋಡಿದರು. ಅವನ ದನಿ ಕೆಲವರಿಗೆ ಅವತ್ತೇ ಮೊದಲು ಕೇಳಿಸಿದ್ದು.

"ಮಾಮ, ಡ್ರಮ್ಮಿಗೆ ತೂತು ಹಾಕಿ. ನನ್ನ ನಾಟಕಕ್ಕೆ ಬೇಡ."

ನಟರು ನಕ್ಕರು. ಮಾಮ ನಗಲಿಲ್ಲ.

"ಒಂದೇ ಸಲ ಕೇಳಿದ್ರೆ ಅವನು ಬರೀ ಪುಕ್ಕಲ ಕಣಮ್ಮ. ಮೊದಲ್ನೇ ಸಲ ಹೆದರಿ ಬಾಯಿಗೆ ಬಂದಿದ್ದು ಹೇಳ್ತಾನೆ. ಎರಡನೇ ಸಲ, ಮೊದಲು ಹೇಳಿದ್ದು ಸುಳ್ಳಾಗ್ಬಾರ್ದಲ್ಲ, ಅದಕ್ಕೆ ಹೇಳ್ತಾನೆ. ಮೂರನೇ ಸಲ ಅವನಿಗೇ ನಿಜ ಅನ್ಸುತ್ತೆ. ಅಲ್ಲಿಗೆ ಅವನು ಕೆಟ್ಟ."

"ಇದೆಲ್ಲ ನಿಮಗೆ ಹೇಗೆ ಗೊತ್ತು?"

"ಚರ್ಚಲ್ಲಿ ಓದ್ತಾರೆ. ಹಳೇ ಕಥೆ."

"ಹೌದಾ? ನಾನು ಗಿರಣಿ ಕಥೆ ಅಂದ್ಕೊಂಡಿದ್ದೆ!" ಅವಳು ಹತ್ತಿರ ಬಂದಳು. "ಆದ್ರೆ ಚರ್ಚಲ್ಲಿ ಹಿಂಗೆಲ್ಲ ಬಿಡಿಸಿ ಹೇಳ್ತಾರಾ ಮಾಮ? ನೀವು ಮೊದಲು ಗಿರಣಿಲಿದ್ರಂತೆ. ಹಂಗೆ ಗೊತ್ತಿಲ್ಲ ಅಂದೋನು ನೀವೇನಾ?"

"ನಾನಾ? ಇಲ್ಲಮ್ಮ. ಯಾರೋ ಒಬ್ಬನ ಕಥೆ."

ಮೊಳೆಗಳು ಬಾಯಿಗೆ ವಾಪಸು ಹೋದವು. ನಿರ್ದೇಶಕಿ ಮೂರು ಪ್ರಶ್ನೆಗಳನ್ನೂ ಉಳಿಸಿಕೊಂಡಳು.

ಗಿರಣಿಯಲ್ಲಿ ಮಾಮನ ಗೆಳೆಯ ಉದ್ದಣ್ಣ ಮುಷ್ಕರ ನಡೆಸಿದವನು. ಒಂದೇ ಡಬ್ಬಿಯಲ್ಲಿ ಉಂಡವರು. ಅವನನ್ನು ಹಿಡಿದ ದಿನ ಬೆಳಗಿನ ಜಾವ ಇಂಥದೇ ಡ್ರಮ್ಮಿನ ಮುಂದೆ ಮಾಮ ನಿಂತಿದ್ದ. ಕಾವಲುಗಾರ ಕೇಳಿದ, ಆಮೇಲೆ ಮೇಸ್ತ್ರಿ, ಆಮೇಲೆ ಪೊಲೀಸು. ಉದ್ದಣ್ಣ ಎರಡು ವರ್ಷ ಜೈಲಿನಲ್ಲಿದ್ದು, ಬೇರೆ ಊರಿಗೆ ಹೋಗಿ, ಎದೆಯ ಕಾಯಿಲೆಯಲ್ಲಿ ಸತ್ತ. ಸುದ್ದಿ ಮಾಮನಿಗೆ ಮುಟ್ಟುವಾಗ ಮಣ್ಣು ಮಾಡಿ ತಿಂಗಳಾಗಿತ್ತು. ಹಾಗೆ ಗೊತ್ತಿಲ್ಲ ಎಂದು ಉಳಿಸಿಕೊಂಡ ಕೆಲಸವಾದರೂ ಎಷ್ಟು ದಿನ ಬಾಳಿತು? ಮೂರು ತಿಂಗಳಿಗೆ ಗಿರಣಿಯೇ ಬಾಗಿಲು ಹಾಕಿತು.

ನಾಟಕದಲ್ಲಿ ಮುಖಂಡನ ಗೆಳೆಯನ ಪಾತ್ರ ಮಾಡುವವನು ಒಂದು ದಿನ ಶೆಡ್ಡಿಗೆ ಬಂದ. "ಮಾಮ, ಸುಳ್ಳು ಹೇಳುವಾಗ ಕೈ ನಡುಗಿಸ್ಲಾ?"

"ಯಾಕಪ್ಪ ನಡುಗುತ್ತೆ? ಚಳಿ ಇದೆ, ಬೆಂಕಿ ಇದೆ. ಕಾಯಿಸ್ತಾನೇ ಇರ್ತಾನೆ. ಅಂಗೈ ಬಿಸಿಯಾದ್ರೆ ಕೈ ಮಗುಚ್ತಾನೆ."

ಮೊದಲ ಪ್ರದರ್ಶನ ಮಧ್ಯಾಹ್ನ ಇತ್ತು. ಮಾಮ ಪರದೆಯ ಪಕ್ಕದಲ್ಲಿ ನಿಂತ. ಮೊದಲ ಪ್ರಶ್ನೆಗೆ ಯಾರೋ ನಕ್ಕರು. ಎರಡನೆಯದಕ್ಕೆ ಯಾರೋ ಕೆಮ್ಮಿದರು. ಮೂರನೆಯದಕ್ಕೆ ನಟ "ನಂಗೊತ್ತಿಲ್ಲ" ಎಂದು ನಿಧಾನವಾಗಿ ಕೈ ಮಗುಚಿದ. ಅಷ್ಟು ದೊಡ್ಡ ಹಾಲಿನಲ್ಲಿ ಒಂದು ಕುರ್ಚಿಯೂ ಕಿರ್ ಎನ್ನಲಿಲ್ಲ. ಮಾಮನಿಗೆ ಹೊರಗೆ ಹೋಗಲು ಈ ಸಲ ದಾರಿ ಇರಲಿಲ್ಲ. ಪರದೆ ಎಳೆಯುವ ಹಗ್ಗ ಅವನ ಕೈಯಲ್ಲೇ ಇತ್ತು.

ಜನ ಹೋದ ಮೇಲೆ ನಿರ್ದೇಶಕಿ ವೈರು ಸುತ್ತುತ್ತಿದ್ದಳು. ಮಾಮ ಎದುರಿಗೆ ಬಂದು ನಿಂತ. ಬಾಯಲ್ಲಿ ಮೊಳೆ ಇರಲಿಲ್ಲ.

"ಅವತ್ತು ಕೇಳಿದ್ಯಲ್ಲಮ್ಮ. ನಾನೇ ಅದು."

ಅವಳು ವೈರು ಕೆಳಗಿಟ್ಟಳು. "ಗೊತ್ತಾಗಿತ್ತು ಮಾಮ, ಅವತ್ತೇ." ಮತ್ತೆ ವೈರು ಎತ್ತಿಕೊಂಡಳು. "ನಾಳೆಗೆ ಡ್ರಮ್ಮಿನ ತೂತು ಸ್ವಲ್ಪ ದೊಡ್ಡದು ಮಾಡಿ. ಹಿಂದಿನ ಸಾಲಿನವರಿಗೆ ಬೆಂಕಿ ಕಾಣ್ತಿಲ್ವಂತೆ."

"ಆಯ್ತಮ್ಮ."

ಅವಳು ಹೋದಳು. ಮೂವತ್ತು ವರ್ಷ ಹೊತ್ತ ಮಾತು ಹೊರಗೆ ಬಿದ್ದರೆ ಏನೋ ಆಗಿಬಿಡುತ್ತದೆ ಎಂದುಕೊಂಡಿದ್ದ. ಏನೂ ಆಗಲಿಲ್ಲ. ಆ ಮಾತು ಕೇಳಬೇಕಾಗಿದ್ದವನು ಒಬ್ಬನೇ, ಅವನು ಮಣ್ಣಲ್ಲಿದ್ದ.

ಮಾಮ ಡ್ರಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತು ದೀಪದ ಸ್ವಿಚ್ಚು ಹಾಕಿದ. ಡ್ರಿಲ್ಲು ಎತ್ತಿಕೊಳ್ಳುವ ಮೊದಲು ಎರಡೂ ಕೈ ಚಾಚಿದ. ಬೆಳಕಿತ್ತು, ಬಿಸಿ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೈ ಮಗುಚಿದ.