ವೆಂಕಟಗಿರಿಯವರ ಕೀಬೋರ್ಡ್

ಟೆಕ್ಸಸ್ಸಿನ ಇರ್ವಿಂಗ್‌ನ ಆ ಅಪಾರ್ಟ್‌ಮೆಂಟಿನಲ್ಲಿ ಕೃಷ್ಣವೇಣಿಯ ಮನೆ ಯಾವುದು ಅಂತ ಯಾರೂ ಕೇಳಬೇಕಾಗಿರಲಿಲ್ಲ. ಎರಡನೇ ಮಹಡಿ, ಹನ್ನೊಂದು ಕರಿಬೇವಿನ ಕುಂಡಗಳಿದ್ದ ಬಾಲ್ಕನಿ. ಗಂಡ ಬಸವರಾಜನ ಎಚ್-ಒನ್ ವೀಸಾದ ಬಾಲ ಹಿಡಿದು ಬಂದವಳಿಗೆ ಈ ದೇಶದಲ್ಲಿ ಒಂದು ಡಾಲರ್ ದುಡಿಯುವ ಹಾಗಿರಲಿಲ್ಲ. ಗಿಡದ ಮಾತನ್ನು ಆ ಕಾಗದಗಳಲ್ಲಿ ಯಾರೂ ಎತ್ತಿರಲಿಲ್ಲ. ಹಾಗಾಗಿ ಹಳೇ ಕೀಬೋರ್ಡನ್ನು ಹೊಸ ಕಂಪ್ಯೂಟರಿಗೆ ಹೊಂದಿಸಿ ಕೊಟ್ಟರೆ ಅವಳ ಕೂಲಿ ಒಂದು ಕರಿಬೇವಿನ ಗಿಡ, ಬೇರು ಸಮೇತ. ಟೆಕ್ಸಸ್ಸಿನಲ್ಲಿ ಕರಿಬೇವಿಗೆ ಎಷ್ಟು ಬೆಲೆ ಅಂತ ಗೊತ್ತಿದ್ದವರು ಇದನ್ನು ಅಗ್ಗದ ವ್ಯಾಪಾರ ಅನ್ನುವುದಿಲ್ಲ. ಲಾಸ್ ಕೊಲಿನಾಸ್‌ನ ಮ್ಯಾನೇಜರೊಬ್ಬ ಜಾಣತನ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬರೀ ಎಲೆ ತಂದಿದ್ದ. "ಇದು ಒಗ್ಗರಣಿಗೆ ಆತು. ಗಿಡ ಎಲ್ಲೈತ್ರಿ?" ಅಂತ ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದಳು.

ಗದಗಿನ ಹುಡುಗಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯೊಂದರಲ್ಲಿ ಏಳು ವರ್ಷ ಬೆಸುಗೆ ಹಾಕಿದವಳು. ಅಲ್ಲಿ ದಿನಕ್ಕೆ ನಾನೂರು ಬೆಸುಗೆ; ಒಂದು ಸೊಟ್ಟಗಾದರೂ ಸೂಪರ್‌ವೈಸರ್ ಇಡೀ ತಟ್ಟೆ ವಾಪಸ್ ಕಳಿಸುತ್ತಿದ್ದ. ೧೯೯೯ರಲ್ಲಿ ಇಲ್ಲಿಗೆ ಬಂದ ಮೇಲೆ ಆ ಕೈಗೆ ಕೆಲಸವಿಲ್ಲದೆ ಚಪಾತಿಗಳು ವಿಪರೀತ ದುಂಡಗಾಗತೊಡಗಿದವು. ಬಸವರಾಜನ ಆಫೀಸಿನವರು ಎಸೆದ ಒಂದು ಕೀಬೋರ್ಡ್ ಮನೆಗೆ ಬಂದಿದ್ದೇ ಆಕೆಗೆ ಬಿಡುಗಡೆ. ಚಪಾತಿ ಮತ್ತೆ ಮನುಷ್ಯರು ತಿನ್ನುವ ಆಕಾರಕ್ಕೆ ಬಂತು.

ಹಳೇ ಕೀಬೋರ್ಡುಗಳ ಮೇಲೆ ಕೆಲವು ಕನ್ಸಲ್ಟಂಟುಗಳಿಗಿದ್ದ ಮೋಹ ಹೆಂಡತಿಯರಿಗೆ ಅರ್ಥವಾಗುತ್ತಿರಲಿಲ್ಲ. ಎರಡು ಕಿಲೋ ತೂಕ, ಒಳಗೆ ಕಬ್ಬಿಣದ ತಗಡು. ಕಾಲ ಮೇಲೆ ಬಿದ್ದರೆ ಕಾಲಿಗೇ ರಿಪೇರಿ. ಆದರೆ ಪ್ರತಿ ಕೀ ಕಟಕಟ ಅಂತ ಉತ್ತರ ಕೊಡುತ್ತದೆ, ಬೆರಳಿಗೆ ನೋವಿಲ್ಲ. ತೊಂದರೆ ಬಾಲದಲ್ಲಿ. ಅದರ ತುದಿಗೆ ಹೆಬ್ಬೆಟ್ಟಿನ ಗಾತ್ರದ, ಐದು ಮುಳ್ಳಿನ ದುಂಡು ಪ್ಲಗ್ಗು. ಹೊಸ ಕಂಪ್ಯೂಟರುಗಳಲ್ಲಿ ಉಳಿದದ್ದು ಚಪ್ಪಟೆ ಯುಎಸ್‌ಬಿ ಕಿಂಡಿ ಒಂದೇ. ಅಂಗಡಿಯಲ್ಲಿ ಸಿಗುವ ಅಗ್ಗದ ಅಡಾಪ್ಟರು ಹಳೇ ಕೀಬೋರ್ಡಿನ ಕರೆಂಟಿನ ಹಸಿವಿಗೆ ಸಾಲದೆ ಕಣ್ಣು ಮುಚ್ಚುತ್ತಿತ್ತು. ಕೃಷ್ಣವೇಣಿ ಬೆಂಕಿಪೊಟ್ಟಣದಷ್ಟು ಡಬ್ಬಿಯೊಳಗೆ ಒಂದು ಚಿಪ್ ಕೂರಿಸಿ, ಈ ಕಡೆ ಹಳಬರ ಭಾಷೆ ಕೇಳಿಸಿಕೊಂಡು ಆ ಕಡೆ ಹೊಸಬರ ಭಾಷೆಯಲ್ಲಿ ಹೇಳುವ ಹಾಗೆ ಮಾಡಿದ್ದಳು.

೨೦೦೬ರ ಮಾರ್ಚಿನಲ್ಲಿ ಹ್ಯೂಸ್ಟನ್ ಕಡೆಯ ಸೈಪ್ರೆಸ್‌ನಿಂದ ಕುಮುದಾ ಬಂದರು. ಮೈಸೂರಿನವರು, ನಲವತ್ತೈದರ ಆಸುಪಾಸು. ನಾಲ್ಕು ಗಂಟೆ ಡ್ರೈವ್ ಮಾಡಿ ಬಂದವರು ನೀರು ಕುಡಿಯುವುದಕ್ಕೂ ಮುಂಚೆ ಟವೆಲ್ ಬಿಚ್ಚಿ ಒಂದು ಕೀಬೋರ್ಡನ್ನು ಮೇಜಿನ ಮೇಲಿಟ್ಟರು.

"ನಮ್ಮನೆಯವರದ್ದು, ವೆಂಕಟಗಿರಿ ಅಂತ. ಆಸ್ಟಿನ್‌ನಲ್ಲಿ ಓದೋವಾಗ ಹಳೇ ಸಾಮಾನಿನ ಅಂಗಡೀಲಿ ತಗೊಂಡಿದ್ದು. ಯಾವ ಕಂಪೆನಿಗೆ ಹೋದ್ರೂ ಇದನ್ನ ಎತ್ಕೊಂಡೇ ಹೋಗೋರು. ನಾನು ಸವತಿ ಅಂತಿದ್ದೆ."

"ಈಗ ಅವ್ರು?"

"ಹೋಗಿ ಮೂರು ವರ್ಷ ಆಗ್ತಾ ಬಂತು. ಡೌನ್‌ಟೌನ್ ಆಫೀಸಲ್ಲೇ, ಈ ಕೀಬೋರ್ಡಿನ ಮುಂದೇನೇ. ಹಾರ್ಟು." ಕುಮುದಾ ಟವೆಲ್ಲನ್ನು ನಾಲ್ಕಾಗಿ ಮಡಚಿದರು. "ನಾನೀಗ ಮನೇಲೇ ಡಾಕ್ಟರ್ ಒಬ್ರ ಟೈಪಿಂಗ್ ಕೆಲಸ ಮಾಡ್ತೀನಿ. ಇದರಲ್ಲೇ ಮಾಡೋಣ ಅಂದ್ರೆ ಹೊಸ ಕಂಪ್ಯೂಟರಿಗೆ ಇದು ಹೋಗಲ್ಲ. ಆ ಸದ್ದು ಮನೇಲಿ ಬೇಕು ನಂಗೆ."

ಬಾಗಿಲ ತನಕ ಹೋದವರು ಕೇಳದಿದ್ದರೂ ಹೇಳಿದರು. "ಆಸ್ಪತ್ರೆಯವರು, ನಮ್ಮತ್ತೆ, ಎಲ್ಲರೂ ಕೇಳೋದು ಒಂದೇ. 'ಮುಂಚೆ ಏನೂ ಹೇಳ್ಲಿಲ್ವಾ?' ಇಲ್ಲ ಅಂತೀನಿ. ಆದ್ರೆ ಅವರು ಹೇಳ್ಲಿಲ್ವೋ, ನಾನೇ ಕೇಳಿಸ್ಕೊಳ್ಲಿಲ್ವೋ, ಅದೇ ಗೊತ್ತಾಗಲ್ಲ. ಸಾಂಬಾರಿಗೆ ಹುಳಿ ಹಿಂಡ್ತಾ ಇದ್ದಾಗ ಏನೋ ಅಂದಿದ್ರೆ?"

ಅವರು ಹೋದ ಮೇಲೆ ಕೃಷ್ಣವೇಣಿ ಕೆಲಸಕ್ಕೆ ಕೂತಳು.

ಕೀಬೋರ್ಡನ್ನು ಬಿಚ್ಚಿ ತೊಳೆದಳು, ಒಣಗಿಸಿದಳು, ಡಬ್ಬಿ ಜೋಡಿಸಿದಳು. ಮಂಗಳವಾರ ಮಧ್ಯಾಹ್ನ ಪರೀಕ್ಷೆಗೆ ಕೂತಳು. ಆಕೆಯ ಕ್ರಮ ಒಂದೇ: ಖಾಲಿ ಪುಟ ತೆರೆದು, ಎಡದಿಂದ ಬಲಕ್ಕೆ ಪ್ರತಿ ಕೀಯನ್ನೂ ಒಮ್ಮೆ ಒತ್ತುವುದು. ಮೇಲಿನ ಸಾಲಿನಲ್ಲಿ ಎಫ್ ಎಂಟರ ತನಕ ಎಲ್ಲ ಸರಿ. ಎಫ್ ಒಂಬತ್ತು ಒತ್ತಿ ಬೆರಳು ತೆಗೆದಳು. ಪರದೆಯ ಮೇಲೆ ಅಕ್ಷರಗಳು ತಾವಾಗಿಯೇ ಸರಸರ ಓಡಿದವು. ಇಂಗ್ಲಿಷ್ ಅಕ್ಷರ, ಕನ್ನಡ ಮಾತು.

ಕುಮುದಾ ಎದೆ ಊಟ ಮಾಡಿ ಮಲ್ಕೋ ಬರೋದು ಲೇಟಾಗುತ್ತೆ.

ಕೃಷ್ಣವೇಣಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. ಹೊರಗೆ ಚುರುಚುರು ಬಿಸಿಲು, ಕೆಳಗೆ ಯಾರೋ ಕಾರು ತೊಳೆಯುತ್ತಿದ್ದಾರೆ, ಕುಕ್ಕರು ಎರಡನೇ ಕೂಗಿಗೆ ತಯಾರಾಗುತ್ತಿದೆ. ದೆವ್ವ ಬರುವ ಹೊತ್ತಲ್ಲ. ಆದರೂ ಎದ್ದು ಅಡುಗೆಮನೆಗೆ ನಡೆದಳು.

ಗ್ಯಾಸ್ ಆರಿಸಿ ಬಂದ ಮೇಲೆ ಬುದ್ಧಿ ನೆಲಕ್ಕಿಳಿಯಿತು. ಹಳೇ ಕಾಲದ ಕೆಲವು ಕೀಬೋರ್ಡುಗಳಿಗೆ ಸ್ವಂತ ನೆನಪಿನ ಶಕ್ತಿ ಇರುತ್ತದೆ. ಒಂದು ಸಾಲು ಟೈಪ್ ಮಾಡಿ ಕಲಿಸಿಟ್ಟರೆ, ಆಮೇಲೆ ಒಂದೇ ಕೀ ಒತ್ತಿದಾಗ ಇಡೀ ಸಾಲನ್ನು ಒಪ್ಪಿಸುತ್ತದೆ. ವೈರು ಕಿತ್ತರೂ ಮರೆಯುವುದಿಲ್ಲ. ಪಾಠ ಕಲಿಸಿದವನು ಸತ್ತ ಸುದ್ದಿ ಅದಕ್ಕೆ ಯಾರು ಹೇಳಬೇಕು?

ಆದರೆ 'ಎದೆ ಊಟ' ಅಂದರೇನು? ಕೀಬೋರ್ಡು ಓಡಿದ ವೇಗಕ್ಕೆ ತನ್ನ ಡಬ್ಬಿ ಕೆಲವು ಅಕ್ಷರ ಬಿಟ್ಟಿರಬೇಕು ಅಂದುಕೊಂಡಳು. ಬಿಟ್ಟದ್ದು ಯಾವುದು ಅಂತ ಹಿಡಿಯಲು, ಡಬ್ಬಿ ಒಂದೊಂದೇ ಅಕ್ಷರ ಕೇಳಿ ಪಡೆಯುವ ಹಾಗೆ, ಪ್ರತಿಯೊಂದರ ನಡುವೆ ಅರ್ಧ ಸೆಕೆಂಡು ಬಿಡುವ ಹಾಗೆ ಬದಲಾಯಿಸಿದಳು. ಮತ್ತೆ ಎಫ್ ಒಂಬತ್ತು ಒತ್ತಿದಳು.

ಕುಮುದಾ, ಅಂತ ಬಂತು. ಆಮೇಲೆ, ಎದೆ ನೋಯ್ತಿದೆ, ಅಂತ ಬಂತು. ಒಂದು ಕ್ಷಣ ಬಿಟ್ಟು ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸುತ್ತಾ ಹೋಯಿತು. ಕುಮುದಾ ಅನ್ನುವುದು ಮಾತ್ರ ಉಳಿಯಿತು. ಅದರ ಮುಂದೆ ಬಂತು: ಊಟ ಮಾಡಿ ಮಲ್ಕೋ, ಬರೋದು ಲೇಟಾಗುತ್ತೆ.

ಕೀಬೋರ್ಡಿಗೆ ಬರೆದದ್ದಷ್ಟೇ ಅಲ್ಲ, ಅಳಿಸಿದ್ದೂ ಪಾಠವೇ. ಆ ಮನುಷ್ಯ ಹಾಗೆ ಬರೆದು, ಅಳಿಸಿ, ಬೇರೆ ಬರೆದ. ಅದು ಅಷ್ಟನ್ನೂ ಕಲಿತುಕೊಂಡು, ಒತ್ತಿದಾಗಲೆಲ್ಲ ಅಷ್ಟನ್ನೂ ಒಪ್ಪಿಸಿತು, ಕಣ್ಣಿಗೆ ಕಾಣದ ವೇಗದಲ್ಲಿ.

ಸಂಜೆ ಬಸವರಾಜ ಬಂದಾಗ ತೋರಿಸಿದಳು. ಅವನು ಎರಡು ಸಲ ನೋಡಿ ಶೂ ಬಿಚ್ಚುವುದನ್ನೇ ಮರೆತ.

"ಅಳಿಸಿ ಕೊಟ್ಟಬಿಡು," ಅಂದ. "ಎರಡು ಕೀ ಕೂಡಿ ಒತ್ತಿದ್ರ ಹೋಗತದಲ್ಲ? ಆಕಿ ಕೇಳಿದ್ದು ಬಾಲ ಕೂಡಿಸಿಕೊಡು ಅಂತ. ಗಂಡನ್ನ ಕೂಡಿಸಿಕೊಡು ಅಂತ ಅಲ್ಲ."

"ಕೇಳಿದ್ದು ಅದನ್ನರೀ. ಬಾಗಲದಾಗ ನಿಂತು ಕೇಳಿದ್ಲು."

"ಮತ್ತ ಹೇಳು."

"ಹೇಳಿದ್ರ ಆಕಿ ಉಳೀತಾಳೇನ್ರೀ? ಎದಿನೋವಂತ ಬರದು ಅಳಿಸ್ಯಾನ, ಆಮ್ಯಾಲ ಎಷ್ಟು ಸಲ ಅದ ಕೀ ಒತ್ಯಾನೋ."

"ಹಂಗಾರ ಹೇಳಬ್ಯಾಡ."

"ನಿಮ್ಮ ಸಲಹೆ ಭಾಳ ಉಪಯೋಗ ಆತು, ನಡೀರಿ, ಕೈಕಾಲು ತೊಳಕೊರ್ರಿ."

ನಾಲ್ಕು ದಿನ ಆ ಕೀಬೋರ್ಡು ಮೇಜಿನ ಮೇಲೇ ಇತ್ತು. ಕೃಷ್ಣವೇಣಿ ತರಕಾರಿ ಹೆಚ್ಚುವಾಗ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದಳು. ಎರಡು ಸಲ ಅಳಿಸಲು ಹೋಗಿ ಒಂದು ಕೀ ಮೇಲೆ ಬೆರಳಿಟ್ಟು, ಇನ್ನೊಂದರ ಮೇಲೆ ಇಡಲಾರದೆ ಎದ್ದಳು. ಮನೆಯಲ್ಲಿ ಮೂರನೆಯವರೊಬ್ಬರು ಕೂತಿದ್ದಾರೆ, ಊಟಕ್ಕೆ ಕರೆದರೆ ಬರುವುದಿಲ್ಲ, ಹೋಗು ಅನ್ನುವ ಹಾಗೂ ಇಲ್ಲ, ಅನ್ನುವ ಭಾವನೆ. ಕೊನೆಗೆ ಕಸುಬಿನವಳು ಮಾಡುವ ಕೆಲಸ ಮಾಡಿದಳು. ಡಬ್ಬಿಯನ್ನು ಅಕ್ಷರ ಬಿಡದಷ್ಟು ಚುರುಕು ಮಾಡಿದಳು. ಈಗ ಎಫ್ ಒಂಬತ್ತು ಒತ್ತಿದರೆ ಸಾಲು ಶುದ್ಧವಾಗಿ, ಒಂದೇ ಏಟಿಗೆ ಬರುತ್ತಿತ್ತು. ನಡುವಿನದ್ದು ಮಿಂಚಿ ಮಾಯ.

ಶನಿವಾರ ಬೆಳಿಗ್ಗೆ ಕುಮುದಾ ಬಂದರು, ಕಂಕುಳಲ್ಲಿ ಕರಿಬೇವಿನ ಗಿಡ. ಕುಂಡ ಇಳಿಸಿ, ನೇರ ಬಂದು ಕೂತು, ಒಂದು ಸಾಲು ಟೈಪ್ ಮಾಡಿದರು. ಕಟಕಟ ಸದ್ದಿಗೆ ಕಣ್ಣು ಮುಚ್ಚಿದರು. ಆಮೇಲೆ ಬೆರಳು ಹುಡುಕಾಟವಿಲ್ಲದೆ ಎಫ್ ಒಂಬತ್ತಕ್ಕೆ ಹೋಯಿತು.

ಸಾಲು ಮೂಡಿತು. ಕೃಷ್ಣವೇಣಿ ಮುಂದೆ ಬಂದಳು. "ನಿಮಗ ಗೊತ್ತಿತ್ತೇನ್ರೀ?"

"ಗೊತ್ತಿಲ್ದೆ ಏನು? ದಿನಾ ಸಂಜೆ ಆರಕ್ಕೆ ಒಂದೇ ಮೇಲು, ಒಂದು ಅಕ್ಷರ ಆಚೀಚೆ ಇಲ್ಲ. ಕೇಳಿದ್ದಕ್ಕೆ ಅವರೇ ಹೇಳಿದ್ರು, 'ಎಫ್ ಒಂಬತ್ತನ್ನ ಬಟನ್ ಮಾಡಿದ್ದೀನಿ ಕಣೇ'. ಶುದ್ಧ ಸೋಮಾರಿ." ನಕ್ಕರು. "ಅದಕ್ಕೆ ಮುಂಚೆ ಫೋನ್ ಮಾಡೋರು. ಅವರು ಹೋಗೋ ಹಿಂದಿನ ವರ್ಷ ಗೌರಿ ಹಬ್ಬ ಆದ್ಮೇಲೆ ಮೇಲ್ ಶುರುವಾಯ್ತು. ನಂಗೆ ಸ್ವಲ್ಪ ಬೇಜಾರಾಗಿತ್ತು, ದನಿ ಕೂಡ ಕೇಳಿಸಲ್ವಲ್ಲಾ ಅಂತ."

ಪರದೆಯನ್ನೇ ನೋಡುತ್ತಾ, ನಗು ಇಳಿದ ಮೇಲೆ, ಮತ್ತೆ ಅಂದರು: "ಹೇಳಿದ್ರೇನೋ. ನಾನೇ ಕೇಳಿಸ್ಕೊಳ್ಲಿಲ್ಲ ಅನ್ಸುತ್ತೆ."

ಕಂಪ್ಯೂಟರಿನ ಪಕ್ಕದ ಸ್ಟೂಲಿನ ಮೇಲೆ ಕೃಷ್ಣವೇಣಿ ಕೂತಳು. "ಅಕ್ಕಾರ, ಒಂದು ಐದು ಮಿನಿಟು ಕೊಡ್ರಿ," ಅಂತ ಡಬ್ಬಿ ಬಿಚ್ಚಿ ಅದನ್ನು ಮತ್ತೆ ನಿಧಾನ ಮಾಡಿದಳು. "ಇನ್ನೊಮ್ಮೆ ಒತ್ರಿ. ಇದರೊಳಗ ಅವ್ರು ಬರೆದು ಅಳಿಸಿದ್ದೂ ಅದ. ನೋಡೂದು ಬ್ಯಾಡ ಅನಿಸಿದ್ರ ಈಗ ಹೇಳ್ರಿ, ತೆಗೀತೀನಿ."

ಕುಮುದಾ ಆಕೆಯ ಮುಖ ನೋಡಿದರು. ಒತ್ತಿದರು.

ಪೂರ್ತಿ ಬಂದು ಮುಗಿಯುವ ತನಕ ಅಲುಗಲಿಲ್ಲ. ಮತ್ತೆ ಒತ್ತಿದರು. ಮೂರನೇ ಸಲಕ್ಕೆ ತುಟಿ ಅಕ್ಷರಗಳ ಜೊತೆಗೇ ಆಡುತ್ತಿತ್ತು.

"ಗೌರಿ ಹಬ್ಬದಿಂದ," ಅಂದರು. "ಅವರು ಹೋಗಿದ್ದು ಜೂನ್‌ನಲ್ಲಿ." ಬೆರಳು ಮಡಚಿ ತಿಂಗಳು ಎಣಿಸಲು ಹೊರಟು, ನಡುವೆ ಬಿಟ್ಟರು. "ಫೋನ್‌ನಲ್ಲಿ ದನಿ ಕೇಳಿದ್ರೆ ನಂಗೆ ಗೊತ್ತಾಗೋದು. ಅದಕ್ಕೇ."

ಕೃಷ್ಣವೇಣಿ ನೀರು ತಂದಿಟ್ಟಳು. ಯಾರೂ ಕುಡಿಯಲಿಲ್ಲ.

ನಾಲ್ಕನೇ ಸಲ ಒತ್ತಿದಾಗ, ಕುಮುದಾ ಎದೆ ನೋಯ್ತಿದೆ, ಅಂತ ಬಂದು, ಅಳಿಸುವುದಕ್ಕೆ ಮುಂಚಿನ ಆ ಒಂದು ಕ್ಷಣದ ಬಿಡುವಿನಲ್ಲಿ, ಕುಮುದಾ ಅಂಗೈ ಚಾಚಿ ಕೆಳಗಿನ ಉದ್ದನೆಯ ಸ್ಪೇಸ್ ಕೀಯನ್ನು ಬಲವಾಗಿ ಒತ್ತಿ ಹಿಡಿದರು, ಓಡುವ ಮಗುವಿನ ಕೈ ಹಿಡಿದು ನಿಲ್ಲಿಸಿದ ಹಾಗೆ. ಬೇರೆ ಕೀ ಒತ್ತಿದರೆ ಪಾಠ ಅರ್ಧಕ್ಕೇ ನಿಲ್ಲುತ್ತದೆ ಅಂತ ಕೃಷ್ಣವೇಣಿಗೂ ಗೊತ್ತಿರಲಿಲ್ಲ. ನಿಂತಿತು. ಅಕ್ಷರಗಳು ಅಳಿಯಲಿಲ್ಲ.

ಕುಮುದಾ ಕೈ ತೆಗೆಯದೆ ಪರದೆಯತ್ತ ಬಾಗಿದರು.

"ಯಾವಾಗಿಂದ ನೋಯ್ತಿದೆ ರೀ?" ಅಂತ ಕೇಳಿದರು.